ಬಿಯಾಟ್ರಿಜ್ ಮಿಲ್ಯಾಜೆಸ್ ಅವರ ಪ್ಯಾಟರ್ನ್‌ಗಳು: ಕಣ್ಣಿಗೆ ಹಬ್ಬ ಮಾತ್ರವಾ, ಅದಕ್ಕಿಂತ ಜಾಸ್ತಿಯಾ?

ತೆಳುಪದರ

ಬ್ರೆಜಿಲ್‌ನ ಚಿತ್ರಕಲಾವಿದೆ ಬಿಯಾಟ್ರಿಜ್ ಮಿಲ್ಯಾಜೆಸ್ ಅವರ ಬಗ್ಗೆ ನಮ್ಮ ಈ ಚರ್ಚಾ ವೇದಿಕೆಯಲ್ಲಿ ಇನ್ನೂ ಯಾರೂ ಬರೆದಿಲ್ಲ. ಹಾಗಾಗಿ ನಾನೇ ಶುರು ಮಾಡುತ್ತೇನೆ.

ಅವರು ಹುಟ್ಟಿದ್ದು 1960ರಲ್ಲಿ, ರಿಯೊ ಡಿ ಜನೈರೊದಲ್ಲಿ. 2003ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಬ್ರೆಜಿಲ್ ಪರವಾಗಿ ಅವರ ಚಿತ್ರಗಳಿದ್ದವು. ಚಿತ್ರಗಳನ್ನು ನೋಡಿದವರಿಗೆ ಮೊದಲು ಕಾಣುವುದು ವೃತ್ತಗಳು, ಹೂವುಗಳು, ಲೇಸಿನ ಅಂಚು, ಬಳ್ಳಿ, ಪಟ್ಟೆ. ಕಿತ್ತಳೆ, ಗುಲಾಬಿ, ನೀಲಿ, ಬಂಗಾರದ ಬಣ್ಣ, ಎಲ್ಲವೂ ಒಟ್ಟಿಗೆ. "ಚೆನ್ನಾಗಿದೆ, ಆದರೆ ಬರೀ ಅಲಂಕಾರ" ಎಂದು ಹೇಳಿ ಮುಂದೆ ಹೋಗುವವರೇ ಜಾಸ್ತಿ. ನನ್ನ ತಕರಾರು ಇರುವುದು ಅಲ್ಲೇ.

ಅವರು ಬಣ್ಣವನ್ನು ನೇರವಾಗಿ ಕ್ಯಾನ್ವಾಸಿನ ಮೇಲೆ ಹಚ್ಚುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ರಿಲಿಕ್‌ನಲ್ಲಿ ಒಂದು ಹೂವನ್ನೋ ಒಂದು ವೃತ್ತವನ್ನೋ ಬರೆಯುತ್ತಾರೆ. ಅದು ಒಣಗಬೇಕು. ಆಮೇಲೆ ಬಣ್ಣದ ಮಗ್ಗುಲನ್ನು ಕ್ಯಾನ್ವಾಸಿಗೆ ಅಂಟಿಸಿ, ಪ್ಲಾಸ್ಟಿಕ್ಕನ್ನು ನಿಧಾನವಾಗಿ ಎಳೆದು ತೆಗೆಯುತ್ತಾರೆ. ಬಣ್ಣದ ಪೊರೆ ಕ್ಯಾನ್ವಾಸಿನಲ್ಲೇ ಉಳಿಯುತ್ತದೆ. ಹೀಗೆ ಒಂದೊಂದೇ ಮೋಟಿಫ್, ಅಂದರೆ ಚಿತ್ತಾರದ ಒಂದೊಂದು ಆಕಾರ, ಬಂದು ಕೂರುತ್ತಾ ಚಿತ್ರ ಬೆಳೆಯುತ್ತದೆ. 1980ರ ದಶಕದ ಕೊನೆಯಿಂದ ಅವರು ಬೆಳೆಸಿಕೊಂಡು ಬಂದ ದಾರಿ ಇದು.

ಇದರಿಂದ ಏನಾಗುತ್ತದೆ ನೋಡಿ. ಕುಂಚದ ಉಬ್ಬು ಎಲ್ಲೂ ಇರುವುದಿಲ್ಲ, ಮೇಲ್ಮೈ ನಯವಾಗಿರುತ್ತದೆ. ಆದರೆ ಎಳೆಯುವಾಗ ಎಲ್ಲ ಬಣ್ಣವೂ ಬರುವುದಿಲ್ಲ. ಅಲ್ಲಲ್ಲಿ ಚಕ್ಕೆ ಎದ್ದಿರುತ್ತದೆ, ಅಂಚು ಹರಿದಿರುತ್ತದೆ, ಕೆಳಗಿನ ಪದರ ಇಣುಕುತ್ತದೆ. ಅದೇ ಹಾಳೆಗಳನ್ನು ಅವರು ವರ್ಷಗಟ್ಟಲೆ ಮತ್ತೆ ಮತ್ತೆ ಬಳಸುತ್ತಾರೆ. ಹಿಂದಿನ ಚಿತ್ರದಿಂದ ಹಾಳೆಗೆ ಅಂಟಿ ಉಳಿದ ಬಣ್ಣ ಮುಂದಿನ ಚಿತ್ರಕ್ಕೆ ಬಂದು ಸೇರುತ್ತದೆ. ದೂರದಿಂದ ಉತ್ಸಾಹ ತುಂಬಿದ ಚಿತ್ತಾರ. ಹತ್ತಿರ ಹೋದರೆ ಸವೆದ, ವಯಸ್ಸಾದ ಚರ್ಮ. ಈ ಎರಡರ ನಡುವಿನ ಎಳೆದಾಟವೇ ಅವರ ಚಿತ್ರದ ವಿಷಯ ಅಂತ ನನ್ನ ನಂಬಿಕೆ. ನಿಮಗೆಲ್ಲ ಏನನ್ನಿಸುತ್ತದೆ?

ಖಾಲಿಜಾಗ

ತಂತ್ರದ ವಿವರ ಚೆನ್ನಾಗಿತ್ತು. ಆದರೆ ತಂತ್ರ ಕಷ್ಟದ್ದು ಎಂದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ, ಅಲ್ವಾ?

ನನ್ನ ಮಟ್ಟಿಗೆ ಹೇಳುತ್ತೇನೆ. ಮಿಲ್ಯಾಜೆಸ್ ಅವರ ಚಿತ್ರದ ಮುಂದೆ ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಎಲ್ಲ ಮೂಲೆಯೂ ಕೂಗುತ್ತದೆ. ಇದರ ಪಕ್ಕಕ್ಕೆ ಅಮೆರಿಕದ ಚಿತ್ರಕಲಾವಿದೆ ಆಗ್ನೆಸ್ ಮಾರ್ಟಿನ್ ಅವರನ್ನು ಇಟ್ಟು ನೋಡಿ. ಆರು ಅಡಿ ಚೌಕದ ಕ್ಯಾನ್ವಾಸ್, ಅದರ ಮೇಲೆ ಪೆನ್ಸಿಲ್ಲಿನ ಗೆರೆಗಳ ಜಾಲ. ಅದೂ ಪ್ಯಾಟರ್ನೇ. ಸ್ಕೇಲ್ ಇಟ್ಟು ಎಳೆದ ಗೆರೆ ಕ್ಯಾನ್ವಾಸಿನ ನೇಯ್ಗೆಯ ಮೇಲೆ ಹಾಯುವಾಗ ಸಣ್ಣಗೆ ತಡವರಿಸುತ್ತದೆ. ದೂರ ನಿಂತರೆ ಗೆರೆಗಳು ಕರಗಿ ಮಂಜಿನಂತೆ ಆಗುತ್ತವೆ. ಹತ್ತಿರ ಬಂದರೆ ಕೈಯ ಒಂದೊಂದು ಅಲುಗಾಟವೂ ಗೊತ್ತಾಗುತ್ತದೆ. ಅಷ್ಟು ಕಡಿಮೆಯಲ್ಲಿ ಅಷ್ಟನ್ನು ಹೇಳಬಹುದು ಅಂದಮೇಲೆ ಇಷ್ಟೊಂದು ಹೂವು, ಬಳ್ಳಿ, ಬಂಗಾರ ಯಾಕೆ ಬೇಕು?

ಪ್ಯಾಟರ್ನ್‌ನ ಗುಣವೇ ಹಿನ್ನೆಲೆಗೆ ಸರಿಯುವುದು. ಪರದೆ, ಹಾಸು, ಗೋಡೆ ಕಾಗದ ಇವುಗಳ ಮೇಲೆ ಅದು ಇರುವುದು ನಾವು ಅದನ್ನು ದಿಟ್ಟಿಸಿ ನೋಡಲಿ ಎಂದಲ್ಲ. ಅದನ್ನು ಚೌಕಟ್ಟಿಗೆ ತಂದು ನಿಲ್ಲಿಸಿದರೆ ಅಷ್ಟಕ್ಕೇ ಅದು ಚಿತ್ರವಾಗುತ್ತದಾ?

ಅಚ್ಚುಮರ

ನಾನು ಬಟ್ಟೆಯ ಮೇಲಿನ ಅಚ್ಚಿನ ವಿನ್ಯಾಸ ಮಾಡುವವಳು. ಕೆಲಸದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ಎಲ್ಲವೂ ರಿಪೀಟ್ ಮೇಲೆ ನಿಂತಿದೆ. ಒಂದು ತುಂಡು ಮಾಡುತ್ತೇವೆ. ಅದರ ಬಲ ಅಂಚು ಎಡ ಅಂಚಿಗೆ ಹೊಂದಬೇಕು, ಮೇಲಿನದು ಕೆಳಗಿನದಕ್ಕೆ ಹೊಂದಬೇಕು. ಸಾಲು ಸಾಲಾಗಿ ಕಾಣುವುದು ಬೇಡ ಎಂದರೆ ಪಕ್ಕದ ಸಾಲನ್ನು ಅರ್ಧ ಕೆಳಗಿಳಿಸುತ್ತೇವೆ, ಅದನ್ನು ಹಾಫ್ ಡ್ರಾಪ್ ಎನ್ನುತ್ತೇವೆ. ಒಮ್ಮೆ ಹೊಂದಿತು ಎಂದರೆ ಎಷ್ಟು ಮೀಟರ್ ಬೇಕಾದರೂ ಓಡುತ್ತದೆ. ಪ್ಯಾಟರ್ನ್‌ಗೆ ಕೊನೆ ಇಲ್ಲ, ಬಟ್ಟೆಗೆ ಮಾತ್ರ ಇದೆ.

ಕಲಾ ವಿಮರ್ಶಕಿ ಏಮಿ ಗೋಲ್ಡಿನ್ 1970ರ ದಶಕದಲ್ಲಿ ಇದರ ಬಗ್ಗೆ ತುಂಬಾ ಸೂಕ್ಷ್ಮವಾಗಿ ಬರೆದಿದ್ದಾರೆ. ಪ್ಯಾಟರ್ನ್ ಆಗುವುದು ಮೋಟಿಫ್ ಮರುಕಳಿಸುವುದರಿಂದಲ್ಲ, ಮೋಟಿಫ್‌ಗಳ ನಡುವಿನ ಅಂತರ ಒಂದೇ ಸಮನೆ ಇರುವುದರಿಂದ ಎನ್ನುವುದು ಅವರ ವಾದ. ಇದು ಕೆಲಸದಲ್ಲಿ ಸತ್ಯ. ಹೂವಿನ ಜಾಗದಲ್ಲಿ ಎಲೆ ಇಟ್ಟರೂ ನಡೆಯುತ್ತದೆ, ಅಂತರ ಏರುಪೇರಾದರೆ ಕಣ್ಣು ತಕ್ಷಣ ಅಲ್ಲೇ ನಿಲ್ಲುತ್ತದೆ.

ಈಗ ಈ ಅಳತೆಯಿಂದ ಮಿಲ್ಯಾಜೆಸ್ ಅವರನ್ನು ನೋಡಿ. ಅವರ ಚಿತ್ರದಲ್ಲಿ ಒಂದೇ ಥರದ ಹೂವು ಹತ್ತಾರು ಕಡೆ ಬರುತ್ತದೆ, ಆದರೆ ಅಂತರ ಎಲ್ಲೂ ಒಂದೇ ಇಲ್ಲ. ಒಂದು ಕಡೆ ಗುಂಪಾಗಿ ನುಗ್ಗುತ್ತವೆ, ಇನ್ನೊಂದು ಕಡೆ ಜಾರಿ ಕೆಳಗೆ ಬೀಳುತ್ತವೆ. ಅದೇ ಥರದ ಇನ್ನೊಂದು ಕ್ಯಾನ್ವಾಸ್ ತಂದು ಪಕ್ಕಕ್ಕೆ ಜೋಡಿಸಿದರೆ ಚಿತ್ತಾರ ಮುಂದುವರಿಯುವುದಿಲ್ಲ. ಗೋಡೆ ಕಾಗದ ಮತ್ತು ಚಿತ್ರದ ನಡುವೆ ನಾನು ನೋಡುವ ವ್ಯತ್ಯಾಸ ಅದು. ಅವರ ಕೈಯಲ್ಲಿರುವುದು ಪ್ಯಾಟರ್ನ್‌ನ ಸಾಮಾನುಗಳು. ಅವರು ಕಟ್ಟುವುದು ಸಂಯೋಜನೆ.

ಹಳೆಪುಟ

ಖಾಲಿಜಾಗ ಅವರ ಪ್ರಶ್ನೆ ಹೊಸದಲ್ಲ. ಅದರ ಹಿಂದೆ ನೂರು ವರ್ಷದ ಇತಿಹಾಸ ಇದೆ, ಅದನ್ನು ಬಿಟ್ಟು ಮಾತಾಡುವುದು ಕಷ್ಟ.

20ನೇ ಶತಮಾನದ ಶುರುವಿನಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧದ ಪಕ್ಕಕ್ಕೆ ಇಟ್ಟು ಮಾತಾಡಿದರು. ನಾಗರಿಕತೆ ಬೆಳೆದಂತೆ ಬಳಕೆಯ ವಸ್ತುಗಳಿಂದ ಅಲಂಕಾರ ಉದುರಿಹೋಗಬೇಕು ಎಂಬುದು ಅವರ ಮಾತು. ಹಚ್ಚೆ ಹಾಕಿಕೊಳ್ಳುವ ಪಾಪುವಾ ಜನರನ್ನು ಅವರು ಬೆಳವಣಿಗೆಯ ಕೆಳಗಿನ ಮೆಟ್ಟಿಲಿನಲ್ಲಿಟ್ಟರು. ಮುಂದೆ ಅಮೆರಿಕದಲ್ಲಿ ಕಲಾ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಚಿತ್ರಕಲೆಗೆ ಬೇಕಾದದ್ದು ಅದರ ಚಪ್ಪಟೆತನವೇ ಎಂದು ಸಾರಿದರು. ಇಲ್ಲೊಂದು ತೊಡಕಿದೆ. ಚಪ್ಪಟೆ ಮೇಲ್ಮೈಯನ್ನು ಅಷ್ಟು ಹೊಗಳಿದರೆ ಬಟ್ಟೆ, ಹಾಸು, ಟೈಲ್ಸ್ ಎಲ್ಲವೂ ಅದೇ ಸಾಲಿಗೆ ಬಂದುಬಿಡುತ್ತವೆ. ಅವುಗಳನ್ನು ಹೊರಗಿಡಲು 'ಅಲಂಕಾರಿಕ' ಎಂಬ ಬೈಗುಳ ಬೇಕಾಯಿತು.

1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್‌ನಲ್ಲಿ ಒಂದಷ್ಟು ಕಲಾವಿದರು ಈ ಬೈಗುಳವನ್ನೇ ಬಾವುಟ ಮಾಡಿಕೊಂಡರು. ಪ್ಯಾಟರ್ನ್ ಅಂಡ್ ಡೆಕೊರೇಶನ್ ಎಂಬ ಹೆಸರೇ ನಿಂತಿತು. ಮಿರಿಯಮ್ ಶಪಿರೊ, ಜಾಯ್ಸ್ ಕಾಜ್‌ಲಾಫ್, ವ್ಯಾಲರಿ ಜೋಡನ್, ರಾಬರ್ಟ್ ಕುಶ್ನರ್, ಕಿಮ್ ಮೆಕಾನಲ್ ಮೊದಲಾದವರು. ಶಪಿರೊ ಕಸೂತಿ, ಕರವಸ್ತ್ರ, ಲೇಸು ಇಂಥ ಹೆಂಗಸರ ಕೈಕೆಲಸದ ತುಂಡುಗಳನ್ನು ಕ್ಯಾನ್ವಾಸಿಗೆ ತಂದು ಬಣ್ಣದ ಜೊತೆ ಸೇರಿಸಿದರು. ಜೋಡನ್ ಮತ್ತು ಕಾಜ್‌ಲಾಫ್ 1978ರಲ್ಲಿ ಒಂದು ಕೆಲಸ ಮಾಡಿದರು, ಅದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ದೊಡ್ಡ ದೊಡ್ಡ ಕಲಾವಿದರ, ವಿಮರ್ಶಕರ ಬರಹಗಳಿಂದ ಸಾಲುಗಳನ್ನು ಆರಿಸಿ ಒಟ್ಟಿಗೆ ಇಟ್ಟರು. ಅಲಂಕಾರವನ್ನು ಕೀಳು ಮಾಡುವ ಮಾತುಗಳು ಹೆಂಗಸರನ್ನು ಮತ್ತು ಯುರೋಪಿನ ಆಚೆಯ ಜನರನ್ನು ಕೀಳು ಮಾಡುವ ಮಾತುಗಳ ಜೊತೆಗೇ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಆ ಸಾಲುಗಳೇ ತೋರಿಸಿದವು.

ಹಾಗಾಗಿ 'ಬರೀ ಅಲಂಕಾರ' ಎಂದಾಗ ನಾವು ಸುಮ್ನೆ ರುಚಿಯ ಮಾತು ಆಡುತ್ತಿಲ್ಲ. ಒಂದು ಹಳೆಯ ಮೆಟ್ಟಿಲನ್ನು ಮತ್ತೆ ಕಟ್ಟುತ್ತಿದ್ದೇವೆ.

ಚುಕ್ಕಿಗೆರೆ

ಹಳೆಪುಟ, ನೀವು ಹೇಳಿದ್ದಕ್ಕೆ ಒಂದು ಸೇರ್ಪಡೆ, ಒಂದು ಆಕ್ಷೇಪ.

ನ್ಯೂಯಾರ್ಕ್‌ನ ಆ ಗುಂಪಿನ ಬಗ್ಗೆ ನನಗೂ ಗೌರವ ಇದೆ. ಆದರೆ ಅವರು ಇಸ್ಲಾಮಿಕ್ ಟೈಲ್ಸ್‌ನಿಂದ, ಮೆಕ್ಸಿಕೋದ ಕೆಲಸದಿಂದ, ಜಪಾನಿನ ಬಟ್ಟೆಯಿಂದ ಪ್ಯಾಟರ್ನ್ ತಂದಾಗ ಮೂಲದಲ್ಲಿ ಅದನ್ನು ಮಾಡಿದ ಕೈಗಳಿಗೆ ಹೆಸರು ಬರಲಿಲ್ಲ. ಎರವಲು ತಂದವರು ಕಲಾವಿದರಾದರು, ಮಾಡಿದವರು 'ಸಂಪ್ರದಾಯ'ವಾಗಿಯೇ ಉಳಿದರು. ಇದನ್ನು ಹೇಳದೆ ಆ ಕಥೆ ಪೂರ್ತಿಯಾಗುವುದಿಲ್ಲ.

ಜನಗಢ ಸಿಂಗ್ ಶ್ಯಾಮ್ ಅವರನ್ನು ನೆನೆಸಿಕೊಳ್ಳಿ. ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ಬುಡಕಟ್ಟಿನ ಪರಧಾನ್ ಪಂಗಡದ ಹುಡುಗ. 1980ರ ದಶಕದ ಶುರುವಿನಲ್ಲಿ ಕಲಾವಿದ ಜೆ. ಸ್ವಾಮಿನಾಥನ್ ಭೋಪಾಲದ ಭಾರತ ಭವನ ಎಂಬ ಕಲಾಕೇಂದ್ರಕ್ಕಾಗಿ ಕೆಲಸ ಮಾಡುತ್ತಿದ್ದಾಗ ಜನಗಢ ಅವರ ಚಿತ್ರ ಹೊರಗೆ ಬಂತು. ಗೋಡೆಯಿಂದ ಕಾಗದಕ್ಕೆ, ಕ್ಯಾನ್ವಾಸಿಗೆ ಬಂದಾಗ ಜನಗಢ ಒಂದು ಹೊಸ ಮೇಲ್ಮೈಯನ್ನೇ ಕಂಡುಕೊಂಡರು. ಜಿಂಕೆಯ ಮೈ, ಹಕ್ಕಿಯ ರೆಕ್ಕೆ, ದೇವರ ಆಕಾರ ಎಲ್ಲದರ ಒಳಗೂ ಚುಕ್ಕಿಗಳ ಸಾಲು, ಸಣ್ಣ ಗೆರೆಗಳ ಪಟ್ಟಿ. ಆ ತುಂಬುವಿಕೆ ಇಲ್ಲದಿದ್ದರೆ ಆಕಾರ ಬರೀ ನೆರಳು. ಚುಕ್ಕಿ ಬಂದಮೇಲೆ ಅದರ ಚರ್ಮ ಮಿಡಿಯುತ್ತದೆ. 1989ರಲ್ಲಿ ಪ್ಯಾರಿಸ್ಸಿನ ಮ್ಯಾಜಿಸಿಯನ್ಸ್ ದ ಲಾ ಟೆರ್ ಪ್ರದರ್ಶನದಲ್ಲಿ ಅವರ ಕೆಲಸ ಇತ್ತು. 2001ರಲ್ಲಿ ಜಪಾನಿನಲ್ಲಿ ತೀರಿಕೊಂಡರು.

ಅವರ ನಂತರ ಬಂದ ಗೊಂಡ ಕಲಾವಿದರಲ್ಲಿ ಒಬ್ಬೊಬ್ಬರದೂ ಒಂದೊಂದು ತುಂಬುವಿಕೆ. ಒಬ್ಬರದು ಅರ್ಧಚಂದ್ರ, ಒಬ್ಬರದು ಬೀಜದ ಆಕಾರ, ಇನ್ನೊಬ್ಬರದು ಹೆಣೆದ ಗೆರೆ. ಕೆಳಗಿನ ರುಜು ನೋಡದೆಯೇ ಯಾರ ಚಿತ್ರ ಎಂದು ಹೇಳಬಹುದು. ಪ್ಯಾಟರ್ನ್ ಅಂದರೆ ಯಾರದ್ದೂ ಅಲ್ಲದ, ಹೆಸರಿಲ್ಲದ ವಸ್ತು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಖಾಲಿಜಾಗ

ಇತಿಹಾಸದ ಮಾತು ಒಪ್ಪುತ್ತೇನೆ. ಒಂದು ಬಗೆಯ ಕೆಲಸವನ್ನು ಸಾರಾಸಗಟಾಗಿ ಕೀಳಾಗಿ ಕಂಡದ್ದು ಅನ್ಯಾಯ. ಆದರೆ ಆ ಅನ್ಯಾಯ ಪ್ಯಾಟರ್ನ್ ಇರುವ ಪ್ರತಿ ಚಿತ್ರಕ್ಕೂ ಮಾರ್ಕ್ಸ್ ಕೊಡಿಸುವುದಿಲ್ಲ. ಒಂದೊಂದೇ ಚಿತ್ರವನ್ನು ನೋಡಿ ಹೇಳಬೇಕು.

ನನಗೆ ಈ ವಿಷಯದಲ್ಲಿ ಗಟ್ಟಿ ಅನ್ನಿಸುವುದು ಅಮೆರಿಕದ ಚಿತ್ರಕಲಾವಿದ ಕ್ರಿಸ್ಟೊಫರ್ ವೂಲ್. 1980ರ ದಶಕದ ಕೊನೆಯಲ್ಲಿ ಅವರು ಗೋಡೆಗೆ ಚಿತ್ತಾರ ಮೂಡಿಸುವ ಅಗ್ಗದ ರೋಲರ್ ತೆಗೆದುಕೊಂಡು ಬಿಳಿ ಹಲಗೆಯ ಮೇಲೆ ಕಪ್ಪು ಎನಾಮೆಲ್ ಬಣ್ಣ ಉರುಳಿಸಿದರು. ಬಳ್ಳಿ, ಹೂವು, ಎಲೆ. ರೋಲರ್ ಜಾರಿದ ಕಡೆ ಸಾಲು ತಪ್ಪಿದೆ, ಬಣ್ಣ ಜಾಸ್ತಿಯಾದ ಕಡೆ ತೊಟ್ಟಿಕ್ಕಿದೆ, ಕಡಿಮೆಯಾದ ಕಡೆ ಮಾಸಿದೆ. ಅಲ್ಲಿ ಪ್ಯಾಟರ್ನ್ ನನ್ನನ್ನು ಖುಷಿಪಡಿಸಲು ಪ್ರಯತ್ನಿಸುವುದಿಲ್ಲ. ಅದು ಯಂತ್ರದಂತೆ ಇರಬೇಕಿತ್ತು, ಆಗಲಿಲ್ಲ. ಆ ಆಗದಿರುವಿಕೆಯನ್ನು ಮೇಲ್ಮೈ ಬಿಚ್ಚಿ ತೋರಿಸುತ್ತದೆ. ತೆಳುಪದರ ಹೇಳುವ ಸವೆತ ಇಲ್ಲೂ ಇದೆ, ಸಿಹಿ ಇಲ್ಲದೆ.

ಕುಂಚಕಡ್ಡಿ

ಚರ್ಚೆಯ ನಡುವೆ ಒಂದು ಕೆಲಸದ ಪ್ರಶ್ನೆ. ಪ್ಲಾಸ್ಟಿಕ್ಕಿನಿಂದ ಬಣ್ಣ ಎತ್ತುವುದನ್ನು ನಾನೂ ಮಾಡಿ ನೋಡಬೇಕು ಎಂದುಕೊಂಡಿದ್ದೇನೆ. ಯಾವ ಹಾಳೆ, ಯಾವ ಅಂಟು? ಆಯಿಲ್ ಬಣ್ಣದಲ್ಲಿ ಆಗುತ್ತದಾ? ಯಾರಾದರೂ ಮಾಡಿದ್ದೀರಾ?

ತೆಳುಪದರ

ಕುಂಚಕಡ್ಡಿ, ಮೊದಲು ನಿಮಗೆ. ಇದು ನಾನು ಮಾಡುವ ರೀತಿ, ಮಿಲ್ಯಾಜೆಸ್ ಅವರ ಸ್ಟುಡಿಯೊದ ಗುಟ್ಟು ಅಲ್ಲ.

ಆಯಿಲ್ ಬೇಡ. ಅದು ಒಣಗಲು ತುಂಬಾ ಸಮಯ ಬೇಕು, ಹೀಗೆ ಬಾಗಿ ಬರುವ ಪೊರೆಯೂ ಆಗುವುದಿಲ್ಲ. ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು. ನೀರು ಆರಿದಾಗ ಕಣಗಳು ಒಂದಕ್ಕೊಂದು ಬೆಸೆದು ಬಾಗುವ ಪೊರೆಯಾಗುತ್ತದೆ. ಪಾಲಿಥಿನ್ ಹಾಳೆಗೆ ಈ ಪೊರೆ ಗಟ್ಟಿಯಾಗಿ ಕಚ್ಚುವುದಿಲ್ಲ, ಅದಕ್ಕೇ ಎದ್ದು ಬರುತ್ತದೆ. ಬಣ್ಣಕ್ಕೆ ನೀರು ಜಾಸ್ತಿ ಬೆರೆಸಬೇಡಿ, ಪೊರೆ ದುರ್ಬಲವಾಗಿ ಎಳೆಯುವಾಗ ಹರಿಯುತ್ತದೆ. ತೆಳು ಮಾಡಲೇಬೇಕೆಂದರೆ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣ ಬೆರೆಸದ ಅಕ್ರಿಲಿಕ್, ಬೆರೆಸಿ. ಅಂಟಿಗೂ ಅದೇ ಮೀಡಿಯಂ ಸಾಕು. ಕ್ಯಾನ್ವಾಸಿಗೆ ಹಚ್ಚಿ, ಹಾಳೆಯನ್ನು ಮಗುಚಿ ಇಟ್ಟು, ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿಯ ಗುಳ್ಳೆ ಹೊರಹಾಕಿ. ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಿರುವುದರಿಂದ ಒಣಗುವುದು ನಿಧಾನ.

ಎರಡು ಸಂಗತಿ ನೆನಪಿಡಿ. ಮೊದಲು ಬರೆದದ್ದು ಕೊನೆಗೆ ಎಲ್ಲಕ್ಕಿಂತ ಮೇಲೆ ಬರುತ್ತದೆ, ಗಾಜಿನ ಹಿಂಬದಿ ಬರೆಯುವ ಚಿತ್ರದ ಹಾಗೆ. ಹೂವಿನ ನಡುವಿನ ಚುಕ್ಕಿಯನ್ನು ಮೊದಲು ಇಡಬೇಕು, ದಳ ಆಮೇಲೆ. ಎಡ ಬಲವೂ ಅದಲು ಬದಲಾಗುತ್ತದೆ. ಇನ್ನೊಂದು, ಬಣ್ಣದ ಹೊಳಪನ್ನು ತೀರ್ಮಾನಿಸುವುದು ಹಾಳೆ. ನುಣ್ಣಗಿನ ಹಾಳೆಯ ಮೇಲೆ ಒಣಗಿದ ಬಣ್ಣ ಹೊಳೆಯುತ್ತದೆ, ತರಿಯಾದ ಹಾಳೆಯ ಮೇಲೆ ಒಣಗಿದ್ದು ಮಂಕಾಗಿರುತ್ತದೆ. ಹಾಳೆಯಲ್ಲಿ ಒಂದು ಮಡಿಕೆ ಇದ್ದರೆ ಆ ಮಡಿಕೆ ಚಿತ್ರದಲ್ಲೂ ಇರುತ್ತದೆ.

ಖಾಲಿಜಾಗ, ಈಗ ನಿಮಗೆ. ವೂಲ್ ನನಗೂ ಇಷ್ಟ. ಆದರೆ ನೀವು ಸಿಹಿ ಇಲ್ಲದಿರುವುದನ್ನೇ ಒಂದು ಗುಣವಾಗಿ ಎಣಿಸುತ್ತಿದ್ದೀರಿ. ಯಾಕೆ? ವೂಲ್ ಪ್ಯಾಟರ್ನ್‌ನಿಂದ ಎಲ್ಲವನ್ನೂ ಹೊರಗೆ ಹಾಕಿ ಅದು ಎಷ್ಟು ಖಾಲಿಯಾಗಬಹುದು ಎಂದು ನೋಡುತ್ತಾರೆ. ಮಿಲ್ಯಾಜೆಸ್ ಎಷ್ಟು ತುಂಬಬಹುದು ಎಂದು ನೋಡುತ್ತಾರೆ. ವಸಾಹತು ಕಾಲದ, ಅಲಂಕಾರ ತುಂಬಿದ ಬರೋಕ್ ಶೈಲಿಯ ಚರ್ಚಿನ ಬಂಗಾರ, ಕಾರ್ನಿವಲ್‌ನ ವೇಷ, ಕ್ರೋಶಾ ಕೆಲಸ, ಮಟೀಸ್, ತಾರ್ಸಿಲಾ ದೊ ಅಮರಾಲ್, ಬ್ರಿಜೆಟ್ ರೈಲಿ ಇಂಥ ಚಿತ್ರಕಾರರ ನೆನಪು, ಎಲ್ಲವೂ ಒಂದೇ ಕ್ಯಾನ್ವಾಸಿನಲ್ಲಿ. ಇದು ತೂಕ ತಪ್ಪಿ ಕುಸಿಯಬೇಕು, ಕುಸಿಯುವುದಿಲ್ಲ. ಯಾಕೆಂದರೆ ಕೆಳಗೆ ಗಟ್ಟಿಯಾದ ಚೌಕ, ಪಟ್ಟೆ, ವೃತ್ತಗಳ ಲೆಕ್ಕ ಇದೆ. ಅದನ್ನು ಕಾಣಲು ಬಣ್ಣದ ಮೊದಲ ಅಬ್ಬರ ಇಳಿಯುವ ತನಕ ಕಾಯಬೇಕು.

ಕಣ್ಣಿಗೆ ನಿಲ್ಲಲು ಜಾಗ ಇಲ್ಲ ಎಂದಿರಿ. ಇದೆ. ಬಣ್ಣ ಎದ್ದು ಹೋದ ಕಡೆ ಕಣ್ಣು ನಿಲ್ಲುತ್ತದೆ. ಗೋಡೆಯ ಪೋಸ್ಟರ್ ಕಿತ್ತಾಗ ಕೆಳಗಿನ ಹಳೆಯ ಪೋಸ್ಟರ್ ಕಾಣುವ ಹಾಗೆ ಅಲ್ಲಿ ಇನ್ನೊಂದು ಹೂವು, ಇನ್ನೊಂದು ಹಳದಿ ಕಾಣುತ್ತದೆ. ಫೋನಿನ ಪರದೆಯಲ್ಲಿ ಇದು ಮಾಯವಾಗುತ್ತದೆ. ಪರದೆ ಉಳಿಸಿಕೊಳ್ಳುವುದು ಚಿತ್ತಾರವನ್ನು ಮಾತ್ರ, ಅಳಿಸುವುದು ಮೇಲ್ಮೈಯನ್ನು. ಅರ್ಧ ಚಿತ್ರ ನೋಡಿ 'ಅಲಂಕಾರ' ಎನ್ನುವುದಕ್ಕೆ ಇದೂ ಒಂದು ಕಾರಣ.

ಹಳೆಪುಟ

ಪರದೆಯ ಮಾತು ನಿಜ. ಬ್ರಿಟನ್ನಿನ ಚಿತ್ರಕಲಾವಿದ ಕ್ರಿಸ್ ಒಫಿಲಿ ಅವರ 1990ರ ದಶಕದ ಚಿತ್ರಗಳಿಗೂ ಇದೇ ಗತಿ. 1992ರಲ್ಲಿ ಅವರು ಜಿಂಬಾಬ್ವೆಗೆ ಹೋಗಿ ಮಟೋಬೊ ಬೆಟ್ಟದ ಗುಹಾಚಿತ್ರಗಳ ಚುಕ್ಕಿಗಳನ್ನು ನೋಡಿ ಬಂದರು. ಆಮೇಲಿನ ಚಿತ್ರಗಳಲ್ಲಿ ಚುಕ್ಕಿಗಳ ಸಾಲು, ಮಿನುಗುಪುಡಿ, ಅದರ ಮೇಲೆ ರೆಸಿನ್ನಿನ (ಗಾಜಿನಂತೆ ಹೊಳೆಯುವ ರಾಳದ) ಪದರ, ಮತ್ತೆ ಚುಕ್ಕಿ. ಎದುರು ನಿಂತವರಿಗೆ ಅದು ಆಳ. ಫೋಟೋದಲ್ಲಿ ನೋಡಿದವರಿಗೆ ಬರೀ ಹೊಳಪು.

ಅಚ್ಚುಮರ

ಹಿನ್ನೆಲೆಗೆ ಸರಿಯುವುದೇ ಪ್ಯಾಟರ್ನ್‌ನ ಗುಣ ಎಂಬ ಮಾತಿಗೆ ವಾಪಸ್ ಬರುತ್ತೇನೆ. ಆ ಗುಣವನ್ನೇ ಕೆಲವರು ಆಯುಧ ಮಾಡಿಕೊಂಡಿದ್ದಾರೆ. ಅಮೆರಿಕದ ಚಿತ್ರಕಲಾವಿದ ಕೆಹಿಂಡೆ ವೈಲಿ ಅವರ ಚಿತ್ರಗಳಲ್ಲಿ ಹಿಂದೆ ಇರಬೇಕಾದ ಬಳ್ಳಿ ಮುಂದೆ ಬಂದು ಮನುಷ್ಯನ ಕಾಲು, ತೋಳು ಸುತ್ತುತ್ತದೆ. 2018ರಲ್ಲಿ ಅನಾವರಣಗೊಂಡ ಬರಾಕ್ ಒಬಾಮಾ ಅವರ ಚಿತ್ರದಲ್ಲಿ ಎಲೆಗಳ ನಡುವಿನ ಹೂವುಗಳು ಸುಮ್ನೆ ಬಂದಿಲ್ಲ. ಸೇವಂತಿಗೆ ಶಿಕಾಗೊಗೆ, ಮಲ್ಲಿಗೆ ಹವಾಯಿಗೆ, ನೀಲಿ ಆಫ್ರಿಕನ್ ಲಿಲಿ ಕೀನ್ಯಾಗೆ. ಒಂದು ಬದುಕಿನ ಊರುಗಳೆಲ್ಲ ಎಲೆಯ ಗೋಡೆಯೊಳಗೆ ಇವೆ.

ಆದರೂ ಒಂದು ಮಾತು ಹೇಳಲೇಬೇಕು. ಅರ್ಥ ತುಂಬಿದೆ ಎಂದು ತೋರಿಸಿದಾಗ ಮಾತ್ರ ಪ್ಯಾಟರ್ನ್‌ಗೆ ಬೆಲೆ ಬರುತ್ತದೆ ಎಂದಾದರೆ ನನಗೆ ಬೇಸರ. ಸಾಲು, ಅಂತರ, ಲಯ ಇವುಗಳಲ್ಲೇ ಒಂದು ಬುದ್ಧಿ ಇದೆ. ಒಂದು ಒಳ್ಳೆಯ ಜಾಲದ ಅಂತರವನ್ನು ಸರಿಮಾಡಲು ಎಷ್ಟು ಹೊತ್ತು ಬೇಕು ಎಂಬುದು ಮಾಡಿದವರಿಗೆ ಗೊತ್ತು. ಸಂಕೇತ ಇಲ್ಲದಿದ್ದರೂ ಅದು ಯೋಚನೆಯೇ.

ಚುಕ್ಕಿಗೆರೆ

ಅಚ್ಚುಮರ ಅವರ ಮಾತಿಗೆ ಜೋಡಿಸಿ ಹೇಳುತ್ತೇನೆ. ಆಸ್ಟ್ರೇಲಿಯಾದ ಯುಟೋಪಿಯಾ ಪ್ರದೇಶದ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮೆ ಕಂಗ್ವಾರೆಯೆ ಕ್ಯಾನ್ವಾಸಿಗೆ ಬರುವ ಮೊದಲು ವರ್ಷಗಟ್ಟಲೆ ಬಟಿಕ್, ಅಂದರೆ ಬಟ್ಟೆಗೆ ಮೇಣ ಹಾಕಿ ಬಣ್ಣ ಕೊಡುವ ಕೆಲಸ, ಮಾಡಿದವರು. ಬಟಿಕ್‌ನಲ್ಲಿ ಬಿಸಿ ಮೇಣ ಹಾಕಿದ ಮೇಲೆ ಅಳಿಸಿ ತಿದ್ದುವ ಹಾಗಿಲ್ಲ. ಆ ಧೈರ್ಯ ಅವರ ಅಕ್ರಿಲಿಕ್ ಚಿತ್ರಗಳಲ್ಲೂ ಕಾಣುತ್ತದೆ. 1995ರ ಬಿಗ್ ಯಾಮ್ ಡ್ರೀಮಿಂಗ್ ಎಂಟು ಮೀಟರ್ ಅಗಲ. ಕಪ್ಪು ನೆಲದ ಮೇಲೆ ಬಿಳಿ ಗೆರೆಗಳು ಮಾತ್ರ, ಒಂದಕ್ಕೊಂದು ತೊಡರಿಕೊಂಡು ಹೋಗುತ್ತವೆ. ಅದು ಅವರ ನೆಲದ ಯಾಮ್ ಗೆಡ್ಡೆಯ ಬೇರು, ನೆಲ ಬಿರಿದ ಗೆರೆ, ಅವರ ಹೊಣೆಗೆ ಬಿಟ್ಟ ಜಾಗದ ಕಥೆ. ದೂರದವರು ಅದನ್ನು ಅಮೂರ್ತ ಕಲೆ ಎಂದರು. ಅವರಿಗೆ ಅದು ತಮ್ಮ ನೆಲವೇ.

ಖಾಲಿಜಾಗ

ಆ ಎಂಟು ಮೀಟರಿನ ಚಿತ್ರದ ಮುಂದೆ ನನ್ನ ಯಾವ ತಕರಾರೂ ಇಲ್ಲ. ಎರಡೇ ಬಣ್ಣ, ಆದರೂ ತುಂಬಿದೆ.

ಮಿಲ್ಯಾಜೆಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. 1990ರ ದಶಕದ ಚಿತ್ರಗಳಲ್ಲಿ ಲೇಸು, ನೆರಿಗೆ, ಒರಟಾದ ಸವೆತ ಜಾಸ್ತಿ. ಅಲ್ಲಿ ತೆಳುಪದರ ಹೇಳುವ ಎಳೆದಾಟ ನನಗೂ ಕಾಣುತ್ತದೆ. ಆಮೇಲಿನ ಚಿತ್ರಗಳಲ್ಲಿ ಪಟ್ಟೆ, ಅಲೆ, ಜ್ಯಾಮಿತಿ ಮುಂದೆ ಬಂದು ಮೇಲ್ಮೈ ಚೊಕ್ಕವಾಗುತ್ತಾ ಹೋಯಿತು. ಚೊಕ್ಕವಾದಷ್ಟೂ ಅದು ನನ್ನಿಂದ ದೂರ. ನೀವು ಸಾಧನೆ ಎನ್ನುವುದು ನನಗೆ ನಷ್ಟ ಅನ್ನಿಸುತ್ತದೆ.

ತೆಳುಪದರ

ಇಲ್ಲಿ ನಾವು ಬೇರೆಯಾಗುತ್ತೇವೆ, ಪರವಾಗಿಲ್ಲ. ಮೇಲ್ಮೈ ಚೊಕ್ಕವಾದಾಗ ಭಾರ ಅಂತರದ ಮೇಲೆ ಬಿತ್ತು ಎಂದು ನಾನು ಓದುತ್ತೇನೆ. ಮೊದಲಿನ ಚಿತ್ರಗಳಲ್ಲಿ ಸವೆತ ನಮ್ಮನ್ನು ಹಿಡಿದು ನಿಲ್ಲಿಸುತ್ತಿತ್ತು. ನಂತರದವುಗಳಲ್ಲಿ ಒಂದು ಪಟ್ಟೆ ಪಕ್ಕದ ಪಟ್ಟೆಗಿಂತ ಕೂದಲೆಳೆ ಅಗಲವಾಗಿರುವುದು, ಒಂದು ವೃತ್ತ ತನ್ನ ಸಾಲಿನಿಂದ ಸ್ವಲ್ಪ ಸರಿದಿರುವುದು ನಿಲ್ಲಿಸುತ್ತದೆ. ಅಚ್ಚುಮರ ಹೇಳಿದ ಅಂತರದ ಅಳತೆ ಅಲ್ಲಿ ಇನ್ನೂ ಬಿಗಿಯಾಗುತ್ತದೆ.

ಚಾಕೊಲೇಟ್ ಹೊದಿಕೆ, ಅಂಗಡಿಯ ಚೀಲದ ಕಾಗದದಿಂದ ಮಾಡಿದ ಅವರ ಕೊಲಾಜ್‌ಗಳನ್ನೂ ನೋಡಿ. ಅಲ್ಲಿ ಪ್ಯಾಟರ್ನ್ ಮೊದಲೇ ಅಚ್ಚಾಗಿ ಬಂದಿರುತ್ತದೆ, ಯಾರೋ ಮಾರಾಟಕ್ಕಾಗಿ ಮಾಡಿದ್ದು. ಅವರ ಕೆಲಸ ಕತ್ತರಿಸುವುದು ಮತ್ತು ಜಾಗ ಹುಡುಕುವುದು ಮಾತ್ರ. ಮೇಲ್ಮೈಯ ಸವೆತ ಇಲ್ಲದೆಯೂ ಅವರು ನಿಲ್ಲಬಲ್ಲರೋ ಇಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಅವೇ ಸರಿಯಾದ ಪರೀಕ್ಷೆ. ನನ್ನ ಪ್ರಕಾರ ನಿಲ್ಲುತ್ತಾರೆ. ನೀವು ನೋಡಿ ಬರೆಯಿರಿ.

ಕುಂಚಕಡ್ಡಿ

ನುಣ್ಣಗಿನ ಹಾಳೆ ಒಂದು, ತರಿ ಹಾಳೆ ಒಂದು, ಎರಡರಲ್ಲೂ ಅದೇ ಹೂವನ್ನು ಬರೆದು ಒಂದೇ ಕ್ಯಾನ್ವಾಸಿಗೆ ಎತ್ತಲು ಇಟ್ಟಿದ್ದೇನೆ. ಚುಕ್ಕಿ ಮೊದಲು, ದಳ ಆಮೇಲೆ. ಒಣಗಿದ ಮೇಲೆ ಫೋಟೋ ಹಾಕುತ್ತೇನೆ, ಓರೆ ಬೆಳಕಿನಲ್ಲಿ ತೆಗೆದರೆ ಹೊಳಪಿನ ವ್ಯತ್ಯಾಸ ಸ್ವಲ್ಪವಾದರೂ ಕಾಣಬಹುದು.